ಇಲ್ಲದ ದನದ ಹಿಂದೆ ಒಂದು ಸುತ್ತು

ನಮ್ಮ ಮನೆಯವರಿಗೆ ವಾಕಿಂಗ್ ಬರೆದುಕೊಟ್ಟದ್ದು ಕುಂದಾಪುರದ ಡಾಕ್ಟ್ರು. ಸಕ್ಕರೆ ಕಾಯಿಲೆಯ ಮಾತ್ರೆಯ ಕೆಳಗೇ ಬರೆದದ್ದರಿಂದ, ಅದನ್ನೂ ಅವರು ಮಾತ್ರೆಯಂತೆಯೇ ಮುಖ ಕಹಿ ಮಾಡಿಕೊಂಡು ಒಪ್ಪಿಕೊಂಡರು. ಮುಂಬಯಿಯಲ್ಲಿ ಅರ್ಧ ಆಯುಷ್ಯ ಹೋಟೆಲಿನ ಗಲ್ಲಾದಲ್ಲಿ ಕೂತ ಮನುಷ್ಯ. ಅಲ್ಲಿ ಅವರು ನಡೆದದ್ದು ಅಂದರೆ ಗಲ್ಲಾದಿಂದ ಅಡುಗೆಮನೆಗೆ, ಸಾಂಬಾರಿನ ಉಪ್ಪು ನೋಡಲು. ವಾಪಸ್ ಬರುವಾಗ ಕೈಯಲ್ಲೊಂದು ವಡೆ ಇರುತ್ತಿತ್ತು. ಈಗ ಹೋಟೆಲನ್ನು ಮಗ ನೋಡಿಕೊಳ್ಳುತ್ತಾನೆ. ನಾವಿಬ್ಬರು ಊರಿಗೆ ಬಂದು, ವಾರಾಹಿ ಹೊಳೆಗೆ ಹತ್ತಿರ, ಬೈಲಿನ ಅಂಚಿಗೆ ಮನೆ ಕಟ್ಟಿಕೊಂಡಿದ್ದೇವೆ.

ಮೊದಮೊದಲು ಅವರು ಹೈವೇ ಬದಿಯಲ್ಲಿ ನಡೆದು ನೋಡಿದರು. ಗಂಗೊಳ್ಳಿ ಕಡೆಯಿಂದ ಬಂದ ಮೀನಿನ ಲಾರಿಯೊಂದು ಐಸ್ ನೀರನ್ನು ಅವರ ಬಿಳಿ ಪ್ಯಾಂಟಿನ ಮೇಲೆ ಚಿಮ್ಮಿಸಿ ಹೋಯಿತು. ಆ ದಿನ ನಮ್ಮ ಮನೆಗೆ ಊರಿನ ಬೆಕ್ಕುಗಳೆಲ್ಲ ಬಂದವು. ಹೈವೇಯ ಆಸೆ ಅಲ್ಲಿಗೆ ಮುಗಿಯಿತು.

ಆಮೇಲೆ ಅವರಿಗೆ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಯಾವುದೋ ದೇಶದ ಗಂಡ ಹೆಂಡತಿ, ಬೆನ್ನಿಗೆ ಚೀಲ, ಕೈಯಲ್ಲಿ ಕೋಲು. ಹೊಳೆಯ ಕಣಿವೆಗೆ ಇಳಿದು, ಕಾಡು ಹೊಕ್ಕು, ಬೆಳ್ಳಗಿನ ಸುಣ್ಣದಕಲ್ಲಿನ ಬಂಡೆಗಳ ಬುಡದಲ್ಲಿ ಹಾದು, ಕೊನೆಗೆ ಹೊರಟ ಜಾಗಕ್ಕೇ ಬಂದು ನಿಂತು ನಗುತ್ತಿದ್ದರು. ಇವರು ಅದನ್ನು ಊಟ ಮಾಡುವಾಗಲೂ ನೋಡಿದರು.

"ಕಂಡ್ಯಾ? ಹೋದ ದಾರಿಯಂಗೇ ವಾಪಸ್ ಬಪ್ಪುಕಾಗ. ಸುತ್ತ್ ಹಾಕ್ಕಂಡ್ ಮನಿಗ್ ಬರ್ಕ್. ಹಂಗಾರೆ ಬೇಜಾರ್ ಬತ್ತಿಲ್ಲೆ" ಅಂದರು. ಹೋದ ದಾರಿಯಲ್ಲೇ ವಾಪಸ್ ಬರಬಾರದು, ಅದೇ ಅವರ ನಿಯಮ.

"ನಿಮ್ಗ್ ಸುಣ್ಣದಕಲ್ಲ್ ಎಲ್ಲಿಂದ ತಪ್ಪುದ್? ನಮ್ಮಲ್ಲಿ ಸುಣ್ಣ ಇಪ್ಪುದ್ ಎಲೆ ಅಡ್ಕಿ ತಟ್ಟಿಯಂಗೆ" ಅಂದೆ ನಾನು.

"ಮುರಕಲ್ಲ್ ಇತ್ತಲೆ. ಬಣ್ಣ ಬೇರೆ, ಅಷ್ಟೇ."

ಮುರಕಲ್ಲು ನಮ್ಮ ಸೀಮೆಯ ಕೆಂಪು ಕಲ್ಲು. ಮನೆ ಕಟ್ಟುವುದೂ ಅದರಲ್ಲೇ, ಕಾಲು ಎಡವುವುದೂ ಅದಕ್ಕೇ. ಹಾಗಾಗಿ ನಾನೂ ಜೊತೆಗೆ ಹೊರಟು ನಮ್ಮ ಸುತ್ತು ಹೀಗೆ ತಯಾರಾಯಿತು: ಮನೆಯ ಮುಂದಿನ ಬೈಲಿಗೆ ಇಳಿದು ಗದ್ದೆಯಂಚಿನ ಮೇಲೆ ನಡೆಯುವುದು, ಆಚೆ ಹಾಡಿಯ ಕುರುಚಲು ಕಾಡು ಹತ್ತುವುದು, ಹಾಡಿಯೊಳಗಿನ ನಾಗಬನದ ಎದುರು ಚಪ್ಪಲಿ ಕಳಚಿ ಕೈಮುಗಿಯುವುದು, ಮೇಲಿನ ಬಯಲಿನಲ್ಲಿ ಕಲ್ಲು ಕಡಿದು ಬಿಟ್ಟುಹೋದ ಮುರಕಲ್ಲಿನ ಕೋರೆಯ ಬದಿಯಲ್ಲಿ ಹಾದು ಹೊಳೆಗೆ ಇಳಿಯುವುದು. ಅಲ್ಲಿ ಹೊಳೆ ಕೊರೆದು ನಿಲ್ಲಿಸಿದ ಕೆಂಪು ದರೆ ಎರಡು ತೆಂಗಿನ ಮರದಷ್ಟು ಎತ್ತರ ಇದೆ. ಬೆಳಿಗ್ಗೆಯ ಬಿಸಿಲು ಬಿದ್ದಾಗ ಆ ದರೆಯನ್ನು ನೋಡಿದರೆ, ವಿಡಿಯೋದ ಬಿಳಿ ಬಂಡೆಯವರು ಪಾಪ ಅನ್ನಿಸುತ್ತದೆ. ದರೆಯ ಬುಡದ ಕಾಲುದಾರಿ ಹಿಡಿದರೆ ಹೊಳೆಬದಿಯ ಒಂದು ಮನೆಯ ಅಂಗಳ, ಅಂಗಳ ದಾಟಿ ತೋಡಿನ ಮೇಲೆ ಹಲಗೆ ಹಾಸಿದ ಒಂದು ಸಣ್ಣ ಸಂಕ, ಸಂಕದಾಚೆ ತೆಂಗಿನ ತೋಟ, ತೋಟದ ತುದಿಗೆ ನಮ್ಮ ಮನೆಯ ಹಿತ್ತಲು. ಸುತ್ತು ಪೂರ್ತಿ.

ಪೂರ್ತಿ ಎಲ್ಲಿಂದ ಬಂತು? ಆ ಹೊಳೆಬದಿಯ ಮನೆ ಇವರ ಅಕ್ಕನದ್ದು, ಅಂದರೆ ನನ್ನ ಅತ್ತಿಗೆಯದ್ದು. ಅಕ್ಕನೊಂದಿಗೆ ಇವರಿಗೆ ಮಾತಿಲ್ಲ.

ಒಂದು ಕಡೆ ದರೆ, ಒಂದು ಕಡೆ ಹೊಳೆ. ಅಂಗಳ ಬಿಟ್ಟರೆ ಬೇರೆ ದಾರಿ ಇಲ್ಲ. ನಮ್ಮಲ್ಲಿ ದಾರಿ ಯಾರದ್ದಾದರೂ ಅಂಗಳದಲ್ಲಿ ಹಾದುಹೋಗುವುದು ಹೊಸತಲ್ಲ. "ಹ್ವಾಯ್" ಎಂದು ಒಂದು ಕೂಗು ಹಾಕಿ ದಾಟಿದರಾಯಿತು. ಇವರಿಗೆ ಆ ಒಂದು ಕೂಗು ಗಂಟಲಿನಿಂದ ಹೊರಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ದರೆಯ ತಿರುವಿನಲ್ಲಿ ಅತ್ತಿಗೆಯ ಮನೆಯ ಹಂಚು ಕಾಣುವವರೆಗೆ ಬರುವುದು, ಅಲ್ಲಿ ನಿಂತು ವಾಚು ನೋಡುವುದು, "ಇವತ್ತಿಗ್ ಸಾಕ್" ಎನ್ನುವುದು, ಹೋದ ದಾರಿಯಲ್ಲೇ ವಾಪಸ್ ಬರುವುದು. ಇದು ಸುತ್ತಲ್ಲ, ಕುದುರೆ ಲಾಳ ಎಂದು ನಾನು ಚುಚ್ಚಿದರೆ ಕಿವಿ ಕೇಳಿಸದವರ ಹಾಗೆ ನಡೆಯುತ್ತಿದ್ದರು.

ಜಗಳ ಆದದ್ದು ಆಸ್ತಿಗಲ್ಲ, ಪಾಲಿಗಲ್ಲ. ಒಂದು ಶಬ್ದಕ್ಕೆ. ನಮ್ಮ ಕಡೆ ಮನೆಯಿಂದ ಹೊರಡುವವರು "ಬತ್ತೆ" ಅನ್ನಬೇಕು. ಅಂದರೆ ಬರುತ್ತೇನೆ. ಹೋಗುವುದು ಎಷ್ಟೇ ಖಾತ್ರಿ ಇದ್ದರೂ ಬಾಯಲ್ಲಿ ಬರುವುದೇ ಇರಬೇಕು. ಉಳಿದವರು "ಹೋಯ್ ಬಾ" ಅನ್ನಬೇಕು, ಹೋಗಿ ಬಾ ಎಂದು. ಎಷ್ಟೋ ವರ್ಷದ ಹಿಂದೆ, ನಾವು ಮುಂಬಯಿಯಿಂದ ರಜೆಗೆ ಬಂದಾಗ, ಅತ್ತಿಗೆಯ ಮನೆಯಲ್ಲಿ ಊಟ ಮಾಡಿ ಹೊರಟಿದ್ದೆವು. ಕಾರು ಕಾಯುತ್ತಿತ್ತು. ಇವರು ಫೋನಿನಲ್ಲಿ ಹೋಟೆಲಿನ ಭಟ್ಟಿಯವನಿಗೆ ಹಿಂದಿಯಲ್ಲಿ ಬೈಯುತ್ತಿದ್ದರು. ಬೈದು ಮುಗಿಸಿ, "ಜಾತಾ ಹ್ಞೂಂ" ಎಂದು ಅವನಿಗೆ ಹೇಳಿ, ಅದೇ ಗುಂಗಿನಲ್ಲಿ ಅಕ್ಕನ ಕಡೆ ತಿರುಗಿ "ಸರಿ ಅಕ್ಕ, ಹೋತೆ" ಅಂದುಬಿಟ್ಟರು.

ಹೋಗುತ್ತೇನೆ! ನಮ್ಮಲ್ಲಿ ಹಾಗೆ ಹೋಗುವವರು ಒಂದೇ ಸಲ ಹೋಗುವುದು. ಅತ್ತಿಗೆಯ ಮುಖ ಕಪ್ಪಿಟ್ಟಿತು. ಮರುದಿನ ಫೋನಿನಲ್ಲಿ "ಎಂತಕ್ ಹಂಗ್ ಅಂದೆ?" ಎಂದು ಕೇಳಿದರಂತೆ. ಇವರು ತಪ್ಪಾಯ್ತು ಅನ್ನುವ ಬದಲು ವ್ಯಾಕರಣ ಮಾತಾಡಿದರು: "ಹೋಪುಕಲ್ದಾ ಹೊರಟದ್ದ್? ಹೋತೆ ಅಂದ್ರೆ ಎಂತ ತಪ್ಪಿತ್ತ್?" ಅತ್ತಿಗೆ, "ಹಂಗಾರ್ ಹೋದವ ಹೋದ. ಬಪ್ಪುದ್ ಬ್ಯಾಡ" ಎಂದು ಫೋನಿಟ್ಟರು. ಆಮೇಲೆ ಮೊದಲು ಯಾರು ಮಾತಾಡಬೇಕು ಎಂಬ ಪ್ರಶ್ನೆ ಬಂತು. ಇಬ್ಬರೂ ಒಂದೇ ತಾಯಿಯ ಮಕ್ಕಳು, ಹಟಕ್ಕೆ ಬರಗಾಲವಿಲ್ಲ. ಈ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಇವರು ಅಕ್ಕನಿಗೆ ಹೇಳಿಕೆ ಮಾಡಿದ್ದು ಫೋನಿನಲ್ಲಿ. ಮನೆಗೆ ಹೋಗಿ ಕರೆಯದ ಒಕ್ಕಲಿಗೆ ಯಾವ ಅಕ್ಕ ಬರುತ್ತಾಳೆ? ಬರಲಿಲ್ಲ.

ಆದರೆ ತಾಯಿ ಬೇಗ ತೀರಿಕೊಂಡ ಇವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಂಕ ದಾಟಿಸಿ ಶಾಲೆಗೆ ಬಿಟ್ಟವರು ಅದೇ ಅಕ್ಕ. ಮನೆ ಕಟ್ಟಲು ಇಲ್ಲೇ ಜಾಗ ಯಾಕೆ ಎಂದು ಕೇಳಿದವರಿಗೆಲ್ಲ ಇವರು ಬಾವಿಯ ನೀರು ಸಿಹಿ ಎಂದು ಹೇಳುತ್ತಿದ್ದರು. ನೀರು ಸಿಹಿ ಹೌದು. ಅಕ್ಕನ ಮನೆಯ ಹೊಗೆ ಕಾಣುತ್ತದೆ ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ಇವರನ್ನು "ಬಾ, ಹೋಗ್" ಎಂದು ಏಕವಚನದಲ್ಲಿ ಕರೆಯುವವರು ಈ ಭೂಮಿ ಮೇಲೆ ಉಳಿದದ್ದು ಅವರೊಬ್ಬರೇ. ಇಬ್ಬರಿಗೂ ವಯಸ್ಸಾಗಿದೆ. ಮಾತಾಡದೆಯೇ ಒಬ್ಬರು ಹೊರಟುಬಿಟ್ಟರೆ ಏನು ಗತಿ ಎಂಬ ಹೆದರಿಕೆ ನನಗೆ ಇದ್ದೇ ಇತ್ತು. ಹೇಳಿದರೆ ಇವರು ಟಿವಿ ದೊಡ್ಡದು ಮಾಡುತ್ತಿದ್ದರು.

ಇನ್ನು ದಾರಿಯಲ್ಲಿ ಸಿಗುವವರ ಸಂಗತಿ. ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ. ಅದಕ್ಕೆ "ದೂರ ಹೊರಟದ್ದಾ?" ಎನ್ನುತ್ತಾರೆ. ಎಲ್ಲಿಗೆ ಎಂದು ತಿಳಿಯುವ ಚಪಲ ಮಾತ್ರ ಅಷ್ಟೇ ಇರುತ್ತದೆ. ಬೈಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬರು ಕೇಳಿದರು.

"ದೂರ ಹೊರಟದ್ದಾ?"

"ಮನಿಗೆ" ಅಂದರು ಇವರು.

"ಮನಿಂದ ಅಲ್ದಾ ಬಪ್ಪುದ್?"

"ಹೌದ್. ಮನಿಂದ ಮನಿಗೆ."

ಅವರು ಕತ್ತಿ ಕೆಳಗಿಟ್ಟು ಯೋಚಿಸಿದರು. "ಹಂಗಾರ್ ಮನಿಯಂಗೇ ಕೂತಿದ್ರೆ ಆತಿತ್ತಲ್ದಾ?"

ವಿಡಿಯೋದವರನ್ನು ಯಾರೂ ಹೀಗೆ ಕೇಳಿರಲಿಲ್ಲ. ಕಾರಣವಿಲ್ಲದೆ ನಡೆಯುವ ಮನುಷ್ಯನನ್ನು ನಮ್ಮ ಊರು ನಂಬುವುದಿಲ್ಲ. ಒಂದು ವಾರದೊಳಗೆ ಸುದ್ದಿಗಳು ಹುಟ್ಟಿದವು. ಮುಂಬಯಿ ದುಡ್ಡಿನಲ್ಲಿ ಕೋರೆಯ ಜಾಗಕ್ಕೆ ರೆಸಾರ್ಟ್ ಮಾಡುತ್ತಾರಂತೆ. ಯಾವುದೋ ಹರಕೆಯಂತೆ, ಹೊಳೆಗೆ ಪ್ರದಕ್ಷಿಣೆ ಬರುತ್ತಿದ್ದಾರಂತೆ. ಒಬ್ಬ ಹೆಂಗಸು ನನ್ನನ್ನು ಬದಿಗೆ ಕರೆದು, "ಮನೆಲಿ ಎಂತಾರೂ ಗಲಾಟಿಯಾ? ಬೆಳ್ಗೆ ಬೆಳ್ಗೆ ಹೊರಗ್ ಬೀಳ್ತ್ರಿ" ಎಂದು ಕಣ್ಣು ಒದ್ದೆ ಮಾಡಿಕೊಂಡಳು.

ಇದೆಲ್ಲ ಕೇಳಿ ಕೇಳಿ ಇವರಿಗೆ ರೋಸಿಹೋಯಿತು. ಮುಂದಿನ ಸಲ ಹುಲ್ಲು ಕೊಯ್ಯುವವರು "ದೂರಾ?" ಅನ್ನುವ ಮೊದಲೇ, "ದನ ಒಂದ್ ಕಾಂತಿಲ್ಲೆ. ಹುಡ್ಕುಕ್ ಹೊರಟದ್ದ್" ಅಂದುಬಿಟ್ಟರು.

ಅವರ ಮುಖ ಅರಳಿತು. ಅಬ್ಬಾ, ಈ ಮನುಷ್ಯನಿಗೂ ಒಂದು ಕೆಲಸ ಇದೆ! "ಎಂತ ಬಣ್ಣ?" ಎಂದು ಕೇಳಿದರು.

ಗಿರಾಕಿ ಕೇಳಿದ ಕೂಡಲೇ ಇಡ್ಲಿ ವಡೆ ದೋಸೆ ಎಂದು ಹೇಳಿ ರೂಢಿಯಾದ ಬಾಯಿ. "ಕಪ್ಪ್. ಹಣಿ ಮೇಲ್ ಬಿಳಿ ಬೊಟ್ಟ್" ಅಂದಿತು.

ನಮ್ಮ ಮನೆಯಲ್ಲಿ ದನ ಇಲ್ಲ. ಹಾಲು ಪ್ಯಾಕೆಟಿನಲ್ಲಿ ಬರುತ್ತದೆ. ಆದರೆ ಮರುದಿನದಿಂದ ನಮ್ಮ ನಡಿಗೆಗೆ ಬಂದ ಮರ್ಯಾದೆಯೇ ಬೇರೆ. ಹಾಡಿಯಲ್ಲಿ ಉದುರಿದ ದರಲೆ ಗುಡಿಸುವವರು, ಹೊಳೆಯಲ್ಲಿ ಗಾಳ ಹಾಕುವವರು, ಎಲ್ಲರೂ "ಸಿಕ್ತಾ?" ಎನ್ನುವವರೇ. ಒಬ್ಬರು ಕೋರೆಯ ಗುಂಡಿಗೆ ಬಿದ್ದಿರಬಹುದು ಎಂದು ನಮ್ಮನ್ನು ಅಂಚಿಗೆ ಕರೆದುಕೊಂಡು ಹೋಗಿ ಇಣುಕಿಸಿದರು. ಇನ್ನೊಬ್ಬರು ನಾಗಬನದಲ್ಲಿ ಹೇಳಿಕೊಳ್ಳಿ ಎಂದರು. ಇವರು ಹೇಳಿಯೂ ಕೊಂಡರು. ನಾಗದೇವರಲ್ಲಿ ಇಲ್ಲದ ದನ ಕೇಳುವುದುಂಟೇ ಎಂದರೆ, "ಜನ ಕಾಂತ ಇದ್ರಲೆ" ಎಂದು ಪಿಸುಗುಟ್ಟಿದರು. ಒಂದು ದಿನ ಯಾರೋ ಪುಣ್ಯಾತ್ಮರು ಕಂದು ಬಣ್ಣದ ದನವನ್ನು ಎಳೆದುಕೊಂಡು ಮನೆಯವರೆಗೆ ಬಂದು, "ಬಿಸ್ಲಿಗ್ ಬಣ್ಣ ಹೋಯಿರ್ಕ್, ಸಮಾ ಕಾಣಿ" ಅಂದರು. ಅವರನ್ನು ಚಾ ಕೊಟ್ಟು ಸಮಾಧಾನ ಮಾಡಿ ಕಳಿಸಬೇಕಾಯಿತು.

ಸುದ್ದಿ ಹೊಳೆಬದಿಗೂ ಮುಟ್ಟಿತು. ಮುಟ್ಟಿಸಿದವಳು ಗಂಗೊಳ್ಳಿಯಿಂದ ಆಟೋದಲ್ಲಿ ಮೀನು ತರುವ ಹೆಂಗಸು. ಬಂಗುಡೆಗೆ ದುಡ್ಡು, ಸುದ್ದಿ ಪುಕ್ಕಟೆ. ಒಂದು ಬೆಳಿಗ್ಗೆ ಅವಳು ಗೇಟಿನಿಂದಲೇ ಕೂಗಿದಳು.

"ಹ್ವಾಯ್ ಅಮ್ಮಾ, ದನ ಸಿಕ್ಕಿತ್ ಅಂಬ್ರ್! ಹೊಳಿಬದಿ ನಿಮ್ಮ್ ಅತ್ತಿಗಿ ಮನಿಯಂಗೆ ಕಟ್ಟಿ ಹಾಕಿರ್. ದನ ಕಳ್ಕಂಡವ್ರೇ ಬಂದ್ ಬಿಡಿಸ್ಕಂಡ್ ಹೋಯ್ಲಿ, ಆಳ್ ಕಳ್ಸುದ್ ಬ್ಯಾಡ ಅಂದಿರ್."

ಇವರು ಪೇಪರ್ ಕೆಳಗಿಟ್ಟರು. "ಕಪ್ಪಾ?"

"ಕಪ್ಪ್. ಹಣಿ ಮೇಲ್ ಬಿಳಿ ಬೊಟ್ಟೂ ಇತ್ತ್. ನಾನೇ ಕಂಡಿದೆ."

ಒಂದು ಗಳಿಗೆ ಇವರ ಮುಖದಲ್ಲಿ, ತಮಗೆ ನಿಜವಾಗಿಯೂ ಒಂದು ದನ ಇತ್ತೇನೋ ಎಂಬ ಅನುಮಾನ ಕಂಡೆ.

ಮೀನಿನವಳು ಹೋದ ಮೇಲೆ ಇವರು, "ನೀ ಹೋಯ್ ನಮ್ದಲ್ಲ ಅಂದ್ ಹೇಳ್ ಬಾ" ಅಂದರು.

"ದನ ಕಳ್ಕಂಡದ್ದ್ ನೀವ್. ನಾ ಎಂತಕ್ ಹೋಪುದ್?" ಅಂದೆ. "ಯಾರದ್ದೋ ದನ ನಿಮ್ಮ ಹೆಸ್ರಂಗೆ ಕಟ್ಟಿ ನಿಂತಿತ್ತ್. ಅದ್ರ ಶಾಪ ನಿಮ್ಗೇ."

ಶಾಪಕ್ಕೆ ಹೆದರಿದರೋ, ನೆಪ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದರೋ, ಮರುದಿನ ಬೆಳಿಗ್ಗೆ ಇಸ್ತ್ರಿ ಹಾಕಿದ ಬಿಳಿ ಶರ್ಟು ತೊಟ್ಟರು. ಹಿತ್ತಲಿನಿಂದ ನೇರ ಹೋದರೆ ಸಂಕ ದಾಟಿದ ಕೂಡಲೇ ಅಕ್ಕನ ಮನೆ. ಇವರು ಬೈಲಿನ ಕಡೆಗೇ ಇಳಿದರು. ಸುತ್ತಿನ ದಾರಿಯಲ್ಲೇ ಹೋಗುತ್ತಾರಂತೆ. ಸ್ವಲ್ಪ ಧೈರ್ಯ ಕೂಡಿಸಿಕೊಳ್ಳಲು ಟೈಮು ಬೇಕಿತ್ತು ಅನ್ನಿ. ಹೆಗಲ ಮೇಲೆ ಏನೋ ಇತ್ತು. ನೋಡಿದರೆ ನಮ್ಮ ಬಾವಿಯ ಹಗ್ಗ.

"ಇದೆಂತಕೆ? ದನ ನಮ್ದಲ್ಲ ಅಲ್ದಾ?"

"ದನ ಹುಡ್ಕುಕ್ ಹೋಪವ ಬರಿಕೈಯಂಗೆ ಹೋತ್ನಾ?" ಎಂದು ನನ್ನನ್ನೇ ಗದರಿದರು.

ಹಗ್ಗ ಕಂಡ ಊರವರೆಲ್ಲ "ಸಿಕ್ತಲೆ!" ಎಂದು ಸಂತೋಷಪಟ್ಟರು. ಇವರು ಮದುಮಗನಂತೆ ತಲೆ ಅಲ್ಲಾಡಿಸುತ್ತ ನಡೆದರು. ದರೆಯ ತಿರುವಿಗೆ ಬಂದಾಗ ಮಾತ್ರ ಕಾಲು ನಿಂತಿತು, ಕೈ ವಾಚಿನ ಕಡೆ ಹೋಯಿತು. ನಾನು ಹಗ್ಗದ ತುದಿ ಹಿಡಿದು ಸ್ವಲ್ಪ ಜಗ್ಗಿದೆ. ಮುಂದೆ ಹೊರಟರು.

ಅತ್ತಿಗೆ ಅಂಗಳದಲ್ಲಿ ಕೊಬ್ಬರಿ ಒಣಹಾಕುತ್ತಿದ್ದರು. ನಮ್ಮನ್ನು ಕಂಡು ನೆಟ್ಟಗೆ ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇವರ ಬಾಯಿಂದ "ಹ್ವಾಯ್" ಬರಲೇ ಇಲ್ಲ. ಅವರೇ ಮಾತು ತೆಗೆದರು, ದಾರಿಹೋಕರನ್ನು ಕೇಳುವ ಹಾಗೆ.

"ದೂರ ಹೊರಟದ್ದಾ?"

"ದನ..." ಅಂದರು ಇವರು.

"ಕೊಟ್ಟಿಗೆಲಿತ್ತ್. ನಿಂದ್ ಹೌದಾ ಅಲ್ದಾ ಅಂದ್ ಸಮಾ ಕಂಡ್ಕಂಡ್ ಬಾ."

ಇವರು ಹಗ್ಗ ಹಿಡಿದುಕೊಂಡು ಮನೆಯ ಹಿಂದೆ ಹೋದರು. ನಾನೂ ಹಿಂದೆಯೇ ಹೋದೆ. ಕಪ್ಪು ದನ ಹುಲ್ಲು ತಿನ್ನುತ್ತ ನಿಂತಿತ್ತು. ಹಣೆಯ ಮೇಲೆ ದುಂಡಗೆ ಬಿಳಿ ಬೊಟ್ಟು. ಇವರು ಮೆಲ್ಲಗೆ ಕೈ ಚಾಚಿ ಬೊಟ್ಟು ಸವರಿದರು. ಬೊಟ್ಟು ಅರ್ಧ ಇವರ ಬೆರಳಿಗೆ ಬಂತು. ಬೆರಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಹಾಗೇ ಮೇಲೆತ್ತಿಕೊಂಡು ಅಂಗಳಕ್ಕೆ ಬಂದರು.

"ಅಕ್ಕ, ಇದ್ ಸುಣ್ಣ."

"ಸುಣ್ಣವೇ. ಎಲೆ ತಟ್ಟಿದ್. ನೀ ಊರೆಲ್ಲ ಬಿಳಿ ಬೊಟ್ಟ್ ಅಂದ್ ಸಾರ್ಕಂಡ್ ಬಂದ್ರೆ ನನ್ನ್ ದನಕ್ಕೆ ನಾ ಬೊಟ್ಟ್ ಎಲ್ಲಿಂದ ತಪ್ಪುದ್?" ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ನಿಮ್ಮನಿಯಂಗೆ ದನ ಇಲ್ದಿದ್ದ್ ನಂಗ್ ಗೊತ್ತಿಲ್ಯಾ, ಮಳ್ಳ?"

ಮೊದಲು ನಕ್ಕವಳು ನಾನು. ಆಮೇಲೆ ಇವರು, ಹೊಟ್ಟೆ ಹಿಡಿದುಕೊಂಡು, ಸುಣ್ಣದ ಬೆರಳನ್ನು ಬಿಳಿ ಶರ್ಟಿಗೆ ಒರೆಸಿಕೊಂಡು. ಕೊನೆಗೂ ಇವರಿಗೆ ಸುಣ್ಣ ಸಿಕ್ಕಿತಲ್ಲ ಎಂದು ನಾನು ಹೇಳಿದರೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅತ್ತಿಗೆ ಬೆಲ್ಲ, ನೀರು ತಂದಿಟ್ಟರು. ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ತಂದರು. ಬೆಳಿಗ್ಗೆಯೇ ಬೇಯಿಸಿ ಇಟ್ಟದ್ದು. ಅಂದರೆ ಬಂದೇ ಬರುತ್ತಾನೆ ಎಂದು ಲೆಕ್ಕ ಹಾಕಿಯೇ ಕೂತಿದ್ದರು. ಇವರು ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು ನನ್ನ ಕಡೆ ನೋಡಲೇ ಇಲ್ಲ. ನಾನೂ ಡಾಕ್ಟ್ರ ಹೆಸರೆತ್ತಲಿಲ್ಲ. ಅಕ್ಕ ತಮ್ಮ ಹೊಳೆಯ ನೀರು, ಸಂಕದ ಹಲಗೆ, ಮಂಡಿನೋವು ಎಂದು ಮಾತಾಡಿದರು. ಹಳೆಯ ಆ ಶಬ್ದದ ಹತ್ತಿರ ಇಬ್ಬರೂ ಹೋಗಲಿಲ್ಲ.

ಹೊರಡುವ ಹೊತ್ತಿಗೆ ಇವರ ಫೋನು ಬಡಿದುಕೊಂಡಿತು. ಮುಂಬಯಿಯಿಂದ ಮಗ, ಹೋಟೆಲಿನಲ್ಲಿ ಗ್ರೈಂಡರ್ ಕೆಟ್ಟಿದೆಯಂತೆ. ಇವರು ಎದ್ದು ನಿಂತು, ಬೆಲ್ಟು ನೋಡು, ಮೋಟಾರು ನೋಡು ಎನ್ನುತ್ತ, ಹಾಗೇ ಮಾತಾಡುತ್ತ ಅಂಗಳ ದಾಟಿ ಸಂಕದ ಕಡೆ ಹೊರಟೇ ಹೋದರು. ಅತ್ತಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದರು. ನಾನು "ಬತ್ತೆ ಅತ್ತಿಗೆ" ಅಂದೆ. "ಹ್ಞೂಂ, ಹೋಯ್ ಬನಿ" ಅಂದರು. ಕಣ್ಣು ಮಾತ್ರ ನನ್ನನ್ನು ದಾಟಿ ಸಂಕದ ಮೇಲಿತ್ತು. ಅದೇ ಅಂಗಳ, ಅದೇ ಫೋನು, ಅದೇ ಮನುಷ್ಯ. ಹಿಂದಿನಿಂದ ಹೋಗಿ ಒಂದು ಚಿವುಟಬೇಕು ಅನ್ನಿಸಿತು. ಆದರೆ ಚಿವುಟಿ ಹೇಳಿಸಿದ ಮಾತು ಅತ್ತಿಗೆಗೆ ಬೇಕಿರಲಿಲ್ಲ ಎಂದು ಸುಮ್ಮನೆ ಹಿಂಬಾಲಿಸಿದೆ.

ತೆಂಗಿನ ತೋಟ ಮುಗಿಯುತ್ತ ಬಂತು. ನಮ್ಮ ಹಿತ್ತಲಿನ ಬಾಗಿಲು ಕಾಣುತ್ತಿತ್ತು. ಇಷ್ಟು ದಿನ ಮುಗಿಯದ ಸುತ್ತು ಇನ್ನೇನು ಮುಗಿಯಬೇಕು, ಇವರು ಫೋನು ಕಿಸೆಗೆ ಹಾಕಿದರು. ಎರಡು ಹೆಜ್ಜೆ ಇಟ್ಟು ನಿಂತರು.

"ಹೊರಡುವತಿಗೆ ನಾ ಅಕ್ಕನತ್ರ ಎಂತ ಅಂದೆ?"

"ಎಂತದೂ ಅನ್ಲಿಲ್ಲೆ."

ಅವರ ಮುಖದ ಬಣ್ಣ ಹೋಯಿತು. ಬಂದ ಕಡೆಗೇ ತಿರುಗಿದರು.

"ಹೋದ ದಾರಿಯಂಗೇ ವಾಪಸ್ ಹೋಪುಕಾಗ ಅಂದದ್ದ್ ಯಾರ್?" ಎಂದು ಕೇಳಿದೆ. ಕೇಳಿಸಿಕೊಳ್ಳುವಷ್ಟು ಹತ್ತಿರ ಅವರಿರಲಿಲ್ಲ. ಡಾಕ್ಟ್ರು ಮೆಲ್ಲಗೆ ನಡೆಯಿರಿ ಎಂದಿದ್ದರು. ಇವರು ಓಡುತ್ತಿದ್ದರು. ಹೆಗಲಿನಿಂದ ಜಾರಿದ ಹಗ್ಗ ತರಗೆಲೆಯ ಮೇಲೆ ಸರಸರ ಎಳೆದುಕೊಂಡು ಹೋಗುತ್ತಿತ್ತು. ನಾನು ಸೀರೆ ಎತ್ತಿಕೊಂಡು ಹಿಂದೆ ಓಡಿದೆ.

ಅತ್ತಿಗೆ ಅದೇ ಜಾಗದಲ್ಲಿ ನಿಂತಿದ್ದರು. ಒಳಗೆ ಹೋಗಿರಲಿಲ್ಲ, ಕೂತಿರಲಿಲ್ಲ.

"ಎಂತ ಮರ್ತ್ ಹೋಯ್ತಾ?" ಅಂದರು.

ಇವರು ಏದುಸಿರು ಬಿಡುತ್ತ, ಹಗ್ಗದ ಒಂದು ತುದಿ ಹಿಡಿದುಕೊಂಡು, ಶಾಲೆಯ ಹುಡುಗನ ಹಾಗೆ ನಿಂತರು.

"ಬತ್ತೆ ಅಂಬುಕೆ ಬಂದೆ, ಅಕ್ಕ."

"ಹೋಯ್ ಬಾ" ಎನ್ನುವಾಗ ಅತ್ತಿಗೆಯ ದನಿ ಒಡೆಯಿತು. ನನಗೂ ಅಳು ಬಂತು. ಆಮೇಲೆ ಅವರು ಮುಂದೆ ಬಂದು ಇವರ ಕೈಯಿಂದ ಹಗ್ಗ ತೆಗೆದುಕೊಂಡು, ಮಣ್ಣು ಕೊಡವಿ ಸುತ್ತಿದರು.

"ಇದ್ ಇಲ್ಲೇ ಇರ್ಲಿ. ನಾಳಿಗೂ ದನ ಹುಡ್ಕುಕಿತ್ತಲೆ."

ನಮ್ಮ ಬಾವಿಯ ಹಗ್ಗ ಇವತ್ತಿಗೂ ಅತ್ತಿಗೆಯ ಕೊಟ್ಟಿಗೆಯಲ್ಲೇ ಇದೆ.